ಸಂತ ಸಿಲ್ವೆಸ್ಟರರ ಪದ್ಧತಿಯ ಕ್ಷಮಾಪಣೆ

ಕ್ಷಮೆ ಕೇಳುವುದರಲ್ಲಿ ವರ್ಧಮಾನ ಸಾಗರ ತಾಲ್ಲೂಕಿಗೇ ಮೊದಲಿಗ. ಇದನ್ನು ಅವನ ಹೆಂಡತಿ ಯಶೋಧಾ ಕೂಡ ಅಲ್ಲಗಳೆಯುವುದಿಲ್ಲ. ಬೇರೆ ಗಂಡಸರು ತಪ್ಪು ಮಾಡಿ ಸಿಕ್ಕಿಬಿದ್ದಾಗ ಗಂಟಲು ಕೆರೆದುಕೊಂಡು, ಗೋಡೆಯ ಗಡಿಯಾರ ನೋಡಿ, ‘ನೀನೇನು ಕಡಿಮೆಯಾ’ ಎಂದು ಶುರುಮಾಡುತ್ತಾರಲ್ಲ, ಇವನು ಆ ಪೈಕಿಯಲ್ಲ. ನೆಟ್ಟಗೆ ನಿಲ್ಲುತ್ತಾನೆ. ಎರಡೂ ಕೈ ಬೆನ್ನ ಹಿಂದೆ ಕಟ್ಟುತ್ತಾನೆ. ಮಾಡಿದ ತಪ್ಪು ಯಾವುದು, ಅದರಿಂದ ನೊಂದವರು ಯಾರು, ಇನ್ನು ಮುಂದೆ ತಾನು ಹೇಗಿರುತ್ತೇನೆ, ಎಲ್ಲವನ್ನೂ ತಡವರಿಸದೆ ಹೇಳಿ, ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ‘ಸಾರಿ’ ಎನ್ನುತ್ತಾನೆ. ಅಡುಗೆಮನೆಯಲ್ಲಿ ಕೊನೆಯ ಬೆಂಚು ಎಲ್ಲಿಂದ ಬಂತು ಎಂದು ಕೇಳಬೇಡಿ. ಸಂತ ಸಿಲ್ವೆಸ್ಟರರ ಬಾಲಕರ ಪ್ರೌಢಶಾಲೆಯಲ್ಲಿ ಓದಿದವರಿಗೆ ಅದು ಹೋದಲ್ಲೆಲ್ಲ ಇರುತ್ತದೆ.

ಆ ಶಾಲೆಯಲ್ಲಿ ಪಾಠವನ್ನು ಎಲ್ಲ ಶಾಲೆಗಳಂತೆಯೇ ಹೇಳಿಕೊಡುತ್ತಿದ್ದರು. ಬೇರೆಲ್ಲೂ ಹೇಳಿಕೊಡದಿದ್ದದ್ದು ಕ್ಷಮೆ ಕೇಳುವ ವಿಧಾನ. ತಪ್ಪು ಮಾಡಿದ ಹುಡುಗ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮೆಟ್ಟಿಲು ಹತ್ತಿ ಇಡೀ ಶಾಲೆಯ ಮುಂದೆ ಮೇಲೆ ಹೇಳಿದ ಕ್ರಮದಲ್ಲಿ ಒಪ್ಪಿಸಬೇಕು. ಹೆಡ್‌ಮಾಸ್ಟರ್ ಫಾದರ್ ಬೊನವೆಂಚರ್ ಬಿಳಿ ನಿಲುವಂಗಿಯಲ್ಲಿ ಪಕ್ಕದಲ್ಲೇ ನಿಂತಿರುತ್ತಿದ್ದರು. ಒಪ್ಪಿಸಿದ್ದು ಚೊಕ್ಕವಾಗಿದ್ದರೆ ಹೆಗಲು ತಟ್ಟಿ ‘ಗುಡ್ ಬಾಯ್, ಗೋ ಟು ಕ್ಲಾಸ್’ ಎನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು. ಆಮೇಲೆ ಆ ತಪ್ಪಿನ ಸುದ್ದಿ ಎತ್ತಿದವನಿಗೇ ಶಿಕ್ಷೆ.

ಎಂಟನೇ ತರಗತಿಗೆ ಸೇರಿದ ವರ್ಧಮಾನನಿಗೆ ಇದು ಸ್ವರ್ಗದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಮನೆಯಲ್ಲಿ ಅಪ್ಪ ಮೊದಲು ಬಾರಿಸಿ, ಆಮೇಲೆ ವರ್ಷಗಟ್ಟಲೆ ಜ್ಞಾಪಿಸುತ್ತಿದ್ದರು. ಜೈನರ ಮನೆಯಲ್ಲಿ ಕ್ಷಮೆಗೆ ಒಂದು ದಿನವಿದೆ, ಕ್ಷಮಾವಣಿ. ಅಂದು ಸಿಕ್ಕಸಿಕ್ಕವರಿಗೆಲ್ಲ ಕೈಮುಗಿದು ಕ್ಷಮೆ ಕೇಳಬೇಕು. ಆದರೆ ಅದು ವರ್ಷಕ್ಕೊಮ್ಮೆ. ಹುಡುಗನ ತಪ್ಪುಗಳು ದಿನಕ್ಕೆ ನಾಲ್ಕು. ಲೆಕ್ಕ ಸರಿಹೋಗುತ್ತಿರಲಿಲ್ಲ. ಜೊತೆಗೆ ಅವನ ಬೆಂಚಿನಲ್ಲಿ ಕೂರುತ್ತಿದ್ದ ಕ್ರೈಸ್ತರ ಹುಡುಗ ಇನಾಸ್ ಪ್ರತಿ ತಿಂಗಳ ಮೊದಲ ಶುಕ್ರವಾರ ಪಾಪನಿವೇದನೆಗೆಂದು ಚರ್ಚಿನ ಒಳಗೆ ಹೋಗಿ, ಹತ್ತು ನಿಮಿಷಕ್ಕೆ ಮುಖ ತೊಳೆದುಕೊಂಡವನಂತೆ ಹೊರಬಂದು, ಸೀದಾ ಫುಟ್‌ಬಾಲ್ ಆಡಲು ಹೋಗುತ್ತಿದ್ದ. ಬಾಗಿಲ ಹೊರಗೆ ಕಾಯುತ್ತಿದ್ದ ವರ್ಧಮಾನನ ಹೊಟ್ಟೆ ಉರಿಯುತ್ತಿತ್ತು. ಹೇಳಿದರೆ ಸಾಕು, ಚೊಕ್ಕ! ಈ ಒಂದು ಪಾಠವನ್ನು ಅವನು ಮನಸ್ಸಿಟ್ಟು ಕಲಿತ. ಉಳಿದ ವಿಷಯಗಳಲ್ಲಿ ಸೆಕೆಂಡ್ ಕ್ಲಾಸ್.

ಈಗ ಅವನಿಗೆ ಐವತ್ತೆರಡು. ಸಾಗರದ ಜೋಗ ರಸ್ತೆಯಲ್ಲಿ ಪೇಂಟು, ಹಾರ್ಡ್‌ವೇರಿನ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಶಾಲೆ ಅವನನ್ನು ಬಿಟ್ಟು ಮೂವತ್ತೇಳು ವರ್ಷವಾಯಿತು, ಅವನು ಶಾಲೆಯನ್ನು ಬಿಟ್ಟಿಲ್ಲ. ಶೂ ಪಾಲಿಶ್ ಆಗದೆ ಬೀದಿಗಿಳಿಯುವುದಿಲ್ಲ. ಬಿಳಿ ಬಟ್ಟೆಯವರು ಅಂಗಡಿಗೆ ಬಂದರೆ ತಟ್ಟನೆ ಎದ್ದು ನಿಲ್ಲುತ್ತಾನೆ, ಬಂದವರು ಸುಣ್ಣ ಕೇಳಲು ಬಂದ ಕಾಂಪೌಂಡರ್ ಆಗಿದ್ದರೂ ಸರಿ. ಗಿರಾಕಿ ‘ಈ ಬಣ್ಣ ಅಲ್ಲ’ ಎನ್ನುವ ಮೊದಲೇ ಕೈ ಬೆನ್ನ ಹಿಂದೆ ಹೋಗಿ ಕ್ಷಮಾಪಣೆ ಶುರುವಾಗುತ್ತದೆ. ವ್ಯಾಪಾರಕ್ಕೆ ಇದರಿಂದ ಒಳ್ಳೆಯದೇ ಆಯಿತು. ‘ಏನೇ ಹೇಳಿ, ಸಿಲ್ವೆಸ್ಟರಿನ ಹುಡುಗರ ರೀತಿಯೇ ಬೇರೆ’ ಎಂದು ಪೇಟೆಯೆಲ್ಲ ಕೊಂಡಾಡಿತು.

ಪೇಟೆಯವರು ಅವನ ಜೊತೆ ಸಂಸಾರ ಮಾಡಬೇಕಾಗಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಯಶೋಧಾಳನ್ನು ಇಕ್ಕೇರಿಯ ಗುಡಿ ನೋಡಲು ಕರೆದುಕೊಂಡು ಹೋಗಿದ್ದ. ಅವಳು ಒಳಗೆ ಪ್ರದಕ್ಷಿಣೆ ಹಾಕುತ್ತಿದ್ದಾಗ ಹೊರಗೆ ಹಳೆಯ ಸಹಪಾಠಿಯೊಬ್ಬ ಜೀಪಿನಲ್ಲಿ ಸಿಕ್ಕ. ಮಾತಿಗೆ ಮಾತು ಬೆಳೆದು, ಜೀಪು ಹತ್ತಿ, ಸಾಗರಕ್ಕೆ ಬಂದು, ಹೋಟೆಲಿನಲ್ಲಿ ಎರಡನೇ ಕಾಫಿ ಕುಡಿಯುವಾಗ ತನಗೆ ಮದುವೆಯಾಗಿದೆ ಎಂಬುದು ನೆನಪಾಯಿತು. ಆ ದಿನ ಅವನು ಕೇಳಿದ ಕ್ಷಮೆ ಎಷ್ಟು ಚೊಕ್ಕವಾಗಿತ್ತೆಂದರೆ ಯಶೋಧಾ ಕಣ್ಣೀರು ಒರೆಸಿಕೊಂಡು, ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದುಕೊಂಡಳು. ಐದನೆಯ ಸಲ, ಹತ್ತನೆಯ ಸಲ ಹಾಗೆ ಅನ್ನಿಸಲಿಲ್ಲ. ಅವನು ಕ್ಷಮೆ ಕೇಳಿದ ಮೇಲೆ ಅವಳು ಅದೇ ವಿಷಯ ಎತ್ತಿದರೆ ಅವನಿಗೆ ನಿಜವಾಗಿಯೂ ಬೇಜಾರಾಗುತ್ತಿತ್ತು. ‘ಸಾರಿ ಹೇಳಿ ಆಯ್ತಲ್ಲ?’ ಎಂದು ಹುಬ್ಬೇರಿಸುತ್ತಿದ್ದ. ಮುಗಿದ ವಿಷಯ ಎತ್ತುವುದು ಅವನ ಪ್ರಕಾರ ಕೀಳು ಅಭಿರುಚಿ.

ಈ ಸಲದ್ದು ಮುಂಕೋಣೆಯ ವಿಷಯ. ಯಶೋಧಾ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿಗೆ ಸುತ್ತಲ ಊರುಗಳಲ್ಲಿ ಹೆಸರಿದೆ. ಅಂಗಡಿಯ ಪಕ್ಕದ ರಸ್ತೆ ಕಡೆಯ ಮುಂಕೋಣೆಯಲ್ಲಿ ತನ್ನದೇ ಒಂದು ಪುಟ್ಟ ಮಳಿಗೆ ಇಡಬೇಕೆಂದು ಅವಳಿಗೆ ಆಸೆ. ಮೊದಲ ವರ್ಷ ಅವನು ಆ ಕೋಣೆಯನ್ನು ಹಳೆಯ ವಿದ್ಯಾರ್ಥಿಗಳ ಕ್ರಿಕೆಟ್ ಸಾಮಾನಿಗೆ ಕೊಟ್ಟ. ಸಾರಿ ಹೇಳಿದ. ಮರುವರ್ಷ ಶಾಲೆಯ ಬ್ಯಾಂಡಿನ ಡೋಲುಗಳಿಗೆ ಕೊಟ್ಟ. ಸಾರಿ ಹೇಳಿದ. ಈ ವರ್ಷ ಅವಳೇ ನಿಂತು ಸುಣ್ಣ ಬಳಿಸಿ, ಕಪಾಟು ಹೊಡೆಸಿ, ಜಾಡಿಗಳನ್ನು ಸಾಲಾಗಿ ಜೋಡಿಸಿಟ್ಟಳು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಜಾಡಿಗಳಿಲ್ಲ. ಅವು ಹಿಂದಿನ ಗೋದಾಮಿನಲ್ಲಿ ಥಿನ್ನರ್ ಡಬ್ಬಿಗಳ ನಡುವೆ ಕೂತಿದ್ದವು. ಕಪಾಟಿನ ತುಂಬ ಶಾಲೆಯ ಟ್ರೋಫಿಗಳು, ಗೋಡೆಗೆ ಬ್ಯಾನರ್: ‘ವಜ್ರ ಮಹೋತ್ಸವ ಸಮಿತಿ ಕಚೇರಿ’. ವರ್ಧಮಾನ ತಡಮಾಡದೆ ನೆಟ್ಟಗೆ ನಿಂತ. ಕೈ ಬೆನ್ನ ಹಿಂದೆ ಹೋಯಿತು. ಯಶೋಧಾ ಪೂರ್ತಿ ಕೇಳಿಸಿಕೊಂಡಳು. ಅವನು ಹಗುರಾದ ಮನಸ್ಸಿನಿಂದ ತಿಂಡಿಗೆ ಕುಳಿತ. ಅವಳು ಜಾಡಿಗಳನ್ನು ಆಟೋಗೆ ಹೇರಿ, ಬಸ್ಸು ಹತ್ತಿ, ತೀರ್ಥಹಳ್ಳಿಯ ಅಣ್ಣನ ಮನೆಗೆ ಹೋದಳು.

ಎರಡು ವಾರ ಕಳೆದರೂ ಬರಲಿಲ್ಲ. ಅವನು ಫೋನಿನಲ್ಲಿ ಕೇಳಿದ ಕ್ಷಮೆಗೆಲ್ಲ ‘ಹೂಂ’ ಎಂದಷ್ಟೇ ಅಂದಳು. ಆಗ ಅವನಿಗೆ ನಿಜವಾಗಿಯೂ ಭಯವಾಯಿತು. ಅನ್ನ ಬೇಯಿಸಿಕೊಳ್ಳಲು ಬಾರದ ಭಯವಲ್ಲ, ಅದು ಅವನಿಗೆ ಬರುತ್ತಿತ್ತು. ರಾತ್ರಿ ಅಂಗಡಿ ಮುಚ್ಚಿ ಒಳಗೆ ಬಂದರೆ ದಿನದ ಸುದ್ದಿ ಹೇಳಲು ಯಾರೂ ಇರಲಿಲ್ಲ. ಅವಳಿಲ್ಲದ ಮನೆ ಅವನಿಗೆ ಬೇಡವಾಗಿತ್ತು. ಇದು ಮಾತ್ರ ಯಾರೂ ಕಲಿಸದೆ ಅವನಿಗೆ ತಾನಾಗಿ ಗೊತ್ತಾದದ್ದು. ಮೈಸೂರಿನಲ್ಲಿ ಓದುತ್ತಿದ್ದ ಮಗಳು ಸಮತಾ ಫೋನ್ ಮಾಡಿ ಒಂದೇ ಮಾತು ಹೇಳಿದಳು.

“ಅಪ್ಪಾ, ಅಮ್ಮನ್ನ ಕರ್ಕೊಂಡ್ ಬರೋಕೆ ಎಂತ ಬೇಕಾದ್ರೂ ಮಾಡು. ಸಾರಿ ಮಾತ್ರ ಹೇಳ್ಬೇಡ.”

ಮತ್ತೇನು ಹೇಳಬೇಕೆಂದು ಅವಳು ಹೇಳಲಿಲ್ಲ. ಸಿಲ್ವೆಸ್ಟರಿನಲ್ಲಿ ಇಂಥ ಕಷ್ಟ ಬಂದರೆ ಹುಡುಗರು ನಿಯೋಗ ಹೋಗುತ್ತಿದ್ದರು. ವರ್ಧಮಾನನೂ ನಿಯೋಗ ಕಟ್ಟಿದ.

ಭಾನುವಾರ ಬೆಳಿಗ್ಗೆ ಇನಾಸನ ಕಾರು ಸಾಗರದಿಂದ ಹೊರಟಿತು. ಇನಾಸನಿಗೆ ಈಗ ಎರಡು ಬೇಕರಿ, ಒಂದು ಹೊಟ್ಟೆ, ಮತ್ತು ಯಾವುದಕ್ಕೂ ಅವಸರಪಡದ ಸ್ವಭಾವ. ಹೊಸನಗರದ ಬಸ್ ನಿಲ್ದಾಣದ ಎದುರು ಬಾಲು ಹತ್ತಿಕೊಂಡ. ಬಾಲು ವಿಮಾ ಏಜೆಂಟು. ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷ್ ಭಾಷಣಕ್ಕೆ ಕಪ್ ಗೆದ್ದವನು, ಅಂದಿನಿಂದ ಇಂದಿನವರೆಗೂ ಅದೇ ಭಾಷಣ ಮಾಡುತ್ತಿರುವವನು. ಬೇಸಿಗೆಯ ಧಗೆಯಲ್ಲೂ ಹಳೆಯ ವಿದ್ಯಾರ್ಥಿಗಳ ಟೈ ಕಟ್ಟಿಕೊಂಡು ಬಂದಿದ್ದ. ವರ್ಧಮಾನನ ಕೊರಳಲ್ಲೂ ಅದೇ ಟೈ.

“ಮೊದ್ಲು ನಾನು ಮಾತಾಡ್ತೀನಿ,” ಎಂದ ಬಾಲು. “ಎಂಬತ್ತೆಂಟನೇ ಬ್ಯಾಚಿನ ಪರವಾಗಿ. ವಾತಾವರಣ ತಿಳಿಯಾಗ್ತದೆ. ಆಮೇಲೆ ನೀನು ಶುರುಮಾಡು.”

“ಸಾರಿ ಹೇಳ್ಬೇಡ ಅಂದಿದಾಳೆ ಮಗಳು,” ಎಂದ ವರ್ಧಮಾನ.

“ಈಗಿನ ಮಕ್ಕಳಿಗೆ ಎಂತ ಗೊತ್ತು! ಹೆಂಗಸರ ವಿಷಯ ಸೂಕ್ಷ್ಮ.”

ಹೆಂಗಸರ ವಿಷಯದಲ್ಲಿ ಈ ಮೂವರ ಒಟ್ಟು ವಿದ್ಯಾಭ್ಯಾಸವನ್ನೂ ಹೇಳಿಬಿಡುತ್ತೇನೆ. ಶಾಲೆಯ ಅಂಗಳದಲ್ಲಿ ಗಾಜಿನ ಗೂಡಿನೊಳಗೆ ಮೇರಿಮಾತೆಯ ಪ್ರತಿಮೆಯಿತ್ತು. ಅವಳ ಮುಂದೆ ತಲೆತಗ್ಗಿಸಿ ಬೇಕಾದ್ದು ಕೇಳಿಕೊಳ್ಳಬಹುದಿತ್ತು, ಅವಳು ತಿರುಗಿ ಮಾತಾಡುತ್ತಿರಲಿಲ್ಲ. ಔಷಧಿ ಕೋಣೆಯಲ್ಲಿ ವಯಸ್ಸಾದ ಸಿಸ್ಟರೊಬ್ಬರಿದ್ದರು; ಹೊಟ್ಟೆನೋವಿಗೂ ಮಂಡಿ ತರಚಿದ್ದಕ್ಕೂ ಅವರು ಒಂದೇ ಕೆಂಪು ಔಷಧಿ ಕೊಡುತ್ತಿದ್ದರು. ಮೂರನೆಯ ಹೆಂಗಸನ್ನು ವರ್ಧಮಾನ ಹತ್ತಿರದಿಂದ ನೋಡಿದ್ದು ಮದುವೆ ಮಂಟಪದಲ್ಲಿ.

ಕಾರು ಓಡಿಸುತ್ತಿದ್ದ ಇನಾಸ್ ಕೇಳಿದ.

“ಅಲ್ಲ ಮಾರಾಯ, ರೂಮು ಖಾಲಿ ಮಾಡಿಸಿದ್ಯನ?”

“ಇಲ್ಲ. ವಜ್ರ ಮಹೋತ್ಸವ ಅಲ್ವಾ? ಅದು ಮುಗೀಲಿ. ಮೊದ್ಲು ಸಾರಿ ಹೇಳ್ತೀನಿ. ನೀನೂ ಹಂಗೇ ಅಲ್ವನ ಮಾಡ್ತಿದ್ದಿದ್ದು? ಒಳಗೆ ಹೋಗೋದು, ಹೇಳೋದು, ಫುಟ್‌ಬಾಲ್ ಆಡೋದು.”

ಇನಾಸ್ ಜೋರಾಗಿ ನಕ್ಕ. “ನೀನು ಬಾಗಿಲ ಹೊರಗೆ ನಿಂತು ನೋಡಿದವನು. ಒಳಗೆ ಪಾದ್ರಿಗಳು ಎಂತ ಕೇಳ್ತಿದ್ರು ಗೊತ್ತನ ನಿಂಗೆ? ಕಾನ್ವೆಂಟಿನ ಪೇರಲೆ ಕದ್ದೆ ಅಂದೆ ಒಂದ್ಸಲ. ವಾಪಸ್ ಕೊಟ್ಟಿದ್ಯಾ ಅಂತ ಕೇಳಿದ್ರು. ತಿಂದಾಗಿತ್ತಲ್ಲ! ಒಂದು ತಿಂಗಳು ಬೆಳಿಗ್ಗೆ ಎದ್ದು ಆ ಸಿಸ್ಟರುಗಳ ತೋಟಕ್ಕೆ ನೀರು ಹೊತ್ತಿದೀನಿ. ಭುಜ ಸುಲಿದು ಹೋಗಿತ್ತು.”

“ಇದನ್ನ ಯಾಕೆ ಆಗ್ಲೇ ಹೇಳ್ಲಿಲ್ಲ?”

“ನೀನೆಲ್ಲಿ ಕೇಳಿದೆ!”

ವರ್ಧಮಾನನಿಗೆ ಕಿರಿಕಿರಿಯಾಯಿತು. ಇಷ್ಟು ವರ್ಷ ಚೆನ್ನಾಗಿ ನಡೆದುಕೊಂಡು ಬಂದಿರುವುದಕ್ಕೆ ಈಗ ನೀರು ಹೊರುವ ಕೆಲಸ ಬೇರೆ ಸೇರಿಸುವುದು ಅವನಿಗೆ ಸರಿಕಾಣಲಿಲ್ಲ. ಕಿಟಕಿಯ ಕಡೆ ತಿರುಗಿ, ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡ. ತೀರ್ಥಹಳ್ಳಿ ಬರುವ ಹೊತ್ತಿಗೆ ಒಂದು ಅಕ್ಷರವೂ ತಪ್ಪದಂತೆ ಬಾಯಿಪಾಠವಾಗಿತ್ತು.

ಯಶೋಧಾಳ ಅಣ್ಣನ ಮನೆಯವರೆಲ್ಲ ಕುಂದಾದ್ರಿಯ ಬಸದಿಗೆ ಹೋಗಿದ್ದರು. ಅವಳೊಬ್ಬಳೇ ಜಗಲಿಯಲ್ಲಿ ಕುಳಿತು ಜಾಡಿಗಳ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಟೈ ಕಟ್ಟಿದ ಇಬ್ಬರೂ ಕಟ್ಟದ ಒಬ್ಬನೂ ಗೇಟು ತೆಗೆದು ಸಾಲಾಗಿ ಬಂದು ನಿಂತದ್ದನ್ನು ನೋಡಿ ಅವಳಿಗೆ ನಗು ಬಂತು. ಆ ನಗು ಕಂಡು ವರ್ಧಮಾನನಿಗೆ ಜೀವ ಬಂತು.

ಬಾಲು ಗಂಟಲು ಸರಿಮಾಡಿಕೊಂಡ. “ಮಾನ್ಯ ಶ್ರೀಮತಿ ಯಶೋಧಾ ಅವರೇ, ಸಂತ ಸಿಲ್ವೆಸ್ಟರರ ಶಾಲೆಯ ಎಂಬತ್ತೆಂಟನೇ ಇಸವಿಯ ಬ್ಯಾಚಿನ ಪರವಾಗಿ…”

“ಬಾಲಣ್ಣ, ಕೂತ್ಕಳಿ. ಬಿಸಿಲಲ್ಲಿ ಬಂದಿದೀರಿ, ಪಾನಕ ಕೊಡ್ತೀನಿ.”

ಬಾಲು ಕೂತುಬಿಟ್ಟ. ಅವನ ಪಾಲಿನ ಭಾಷಣ ಅಲ್ಲಿಗೆ ಮುಗಿಯಿತು. ಪಾನಕ ಬಂತು. ಇನಾಸ್ ಎರಡು ಲೋಟ ಕುಡಿದ. ವರ್ಧಮಾನ ಮುಟ್ಟಲಿಲ್ಲ. ಅಂಗಳದಲ್ಲಿ ನೆಟ್ಟಗೆ ನಿಂತು, ಕೈ ಬೆನ್ನ ಹಿಂದೆ ಕಟ್ಟಿದ.

“ಯಶೋಧಾ, ಕೇಳದೆ ನಿನ್ನ ಕೋಣೆಯನ್ನು ಬೇರೆಯವರಿಗೆ ಕೊಟ್ಟೆ. ಇದರಿಂದ ನಿನ್ನ ಮನಸ್ಸಿಗೂ ನಿನ್ನ ಕೆಲಸಕ್ಕೂ ನೋವಾಯಿತು. ಇನ್ನು ಮುಂದೆ ನಿನ್ನನ್ನು ಕೇಳದೆ ಏನನ್ನೂ ಮಾಡುವುದಿಲ್ಲ. ಸಾರಿ.”

ಎದುರು ಮನೆಯ ನಾಯಿ ಎದ್ದು ನಿಂತಿತು. ಬಾಲು ಚಪ್ಪಾಳೆ ತಟ್ಟಲು ಕೈ ಎತ್ತಿದವನು ಇನಾಸ್ ನೋಡಿದ್ದರಿಂದ ಇಳಿಸಿದ.

“ಚೆನ್ನಾಗಿತ್ತು,” ಎಂದಳು ಯಶೋಧಾ. ಅದರಲ್ಲಿ ಕೊಂಕು ಇರಲಿಲ್ಲ. “ನೀವು ಯಾವಾಗ್ಲೂ ಚೆನ್ನಾಗೇ ಹೇಳ್ತೀರಿ. ನಂಗೆ ಅದು ಬೇಡ. ಒಂದು ಫೋನ್ ಮಾಡಿ ಸಾಕು.”

“ಯಾರಿಗೆ?”

“ನಿಮ್ಮ ಫಾದರ್‌ಗೆ. ಸಮಿತಿಗೆ ಅವರೇ ಅಲ್ವಾ ದೊಡ್ಡವರು? ಆ ಕೋಣೆ ನನ್ನ ಹೆಂಡತೀದು, ಖಾಲಿ ಮಾಡಿ ಅಂತ ಹೇಳಿ. ಇಷ್ಟೇ. ಈಗ್ಲೇ ನಿಮ್ಮ ಜೊತೆ ಹೊರಡ್ತೀನಿ. ಸೀರೆ ಕೂಡ ಬದಲಾಯಿಸೋದಿಲ್ಲ.”

ಅವಳ ಮುಖದಲ್ಲಿ ಆಸೆಯಿತ್ತು. ಬಂದಾಗಿನಿಂದ ಅವಳಿಗೆ ಈ ಊರಿನಲ್ಲಿ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಗಂಡ ಒಬ್ಬನೇ ಏನು ತಿನ್ನುತ್ತಾನೋ ಎಂದು ದಿನಾ ಅಂದುಕೊಳ್ಳುತ್ತಿದ್ದಳು. ಹಾಗಂತ ಬಾಯಿಬಿಟ್ಟು ಹೇಳುವವಳಲ್ಲ.

“ಅಷ್ಟೇನಾ?” ಎಂದ ವರ್ಧಮಾನ. ಬೆನ್ನ ಮೇಲಿಂದ ಮೂಟೆ ಇಳಿದಂತಾಯಿತು. “ಈಗ್ಲೇ ಮಾಡ್ತೀನಿ.”

“ಸ್ಪೀಕರಿಗೆ ಹಾಕಿ.”

ಫೋನನ್ನು ಜಗಲಿಯ ಕಟ್ಟೆಯ ಮೇಲಿಟ್ಟು ಸ್ಪೀಕರಿಗೆ ಹಾಕಿದ. ಫಾದರ್ ಬೊನವೆಂಚರ್ ಈಗ ಮಂಗಳೂರಿನಲ್ಲಿ ವಯಸ್ಸಾದ ಪಾದ್ರಿಗಳ ನಿವಾಸದಲ್ಲಿದ್ದರು. ಎಂಬತ್ತು ದಾಟಿದ ದನಿ, ಆದರೂ ಅದೇ ದನಿ.

“ಯಾರು? ವರ್ಧಮಾನ್! ಮೈ ಬಾಯ್!”

ವರ್ಧಮಾನ ತನಗೇ ಗೊತ್ತಿಲ್ಲದೆ ಇನ್ನೂ ಒಂದಂಗುಲ ಎತ್ತರವಾದ. ಬಾಲು ಕೂತಲ್ಲಿಂದ ಎದ್ದು ನಿಂತ, ಪಾನಕದ ಲೋಟದ ಸಮೇತ.

“ಗುಡ್ ಮಾರ್ನಿಂಗ್, ಫಾದರ್.”

“ನಿನ್ನ ಕೋಣೆಯ ಫೋಟೋ ಕಳಿಸಿದ್ರು. ಬಹಳ ಚಂದ ಉಂಟು. ಆದರೆ ನನಗೆ ಒಂದು ಯೋಚನೆ ಬಂತು ಮಗಾ. ಅದು ನಿನ್ನ ಮನೆ. ನಿನ್ನ ಹೆಂಡತಿಗೆ ಇದರಿಂದ ತೊಂದರೆ ಇಲ್ಲ ಅಲ್ವಾ? ಇದ್ದರೆ ನಾಚಿಕೆ ಮಾಡ್ಬೇಡ, ಹೇಳು. ಶಾಲೆಯಲ್ಲಿ ಹಳೆ ಲ್ಯಾಬ್ ಖಾಲಿಯೇ ಉಂಟು. ನಾಳೆಯೇ ಸಾಮಾನು ಅಲ್ಲಿಗೆ ಸಾಗಿಸುವ.”

ಬಾಗಿಲನ್ನು ಅಷ್ಟಗಲ ತೆಗೆದು ಹಿಡಿದಿದ್ದರು ಮುದುಕರು. ‘ಇದೆ, ಫಾದರ್’ ಎಂದರೆ ಮುಗಿಯುತ್ತಿತ್ತು. ಯಶೋಧಾ ಕಟ್ಟುತ್ತಿದ್ದ ಬಟ್ಟೆಯನ್ನು ಬಿಟ್ಟು ಗಂಡನ ಮುಖವನ್ನೇ ನೋಡುತ್ತಿದ್ದಳು. ವರ್ಧಮಾನ ಬಾಯಿ ತೆರೆದ. ನಾಲಿಗೆಯ ತುದಿಯಲ್ಲಿ ಮಾತೂ ಇತ್ತು. ಆದರೆ ಆ ದನಿಗೆ ಅವನು ಒಮ್ಮೆಯೂ ತೊಂದರೆ ಇದೆ ಎಂದವನಲ್ಲ. ತೊಂದರೆ ಹೇಳುವವರು ಹಿಂದಿನ ಬೆಂಚಿನವರು.

“ನೋ, ಫಾದರ್,” ಎಂದ. “ತೊಂದರೆ ಏನೂ ಇಲ್ಲ. ಅವಳಿಗೆ ತುಂಬಾ ಸಂತೋಷ.”

“ಗಾಡ್ ಬ್ಲೆಸ್ ಯೂ. ಒಳ್ಳೆಯ ಹೆಣ್ಣುಮಗಳು. ಅವಳಿಗೆ ನನ್ನ ಆಶೀರ್ವಾದ ಹೇಳು.”

“ಥ್ಯಾಂಕ್ ಯೂ, ಫಾದರ್.”

ಫೋನು ನಿಂತಿತು. ಇನಾಸ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬಾಲು ಪಾನಕದ ಲೋಟದೊಳಗೆ ಏನನ್ನೋ ಹುಡುಕತೊಡಗಿದ. ವರ್ಧಮಾನ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. ತಾನು ಮಾಡಿದ್ದು ಏನೆಂದು ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗದೆ ತಪ್ಪು ಮಾಡುವಷ್ಟು ಮುಗ್ಧನಲ್ಲ. ತಪ್ಪಾದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿದ್ದದ್ದು ಒಂದೇ. ಕೈಗಳು ಬೆನ್ನ ಹಿಂದೆ ಹೋದವು.

“ಯಶೋಧಾ, ನಿನ್ನ ಎದುರಿಗೇ ಸುಳ್ಳು ಹೇಳಿದೆ. ಇದರಿಂದ ನಿನಗೆ ನೋವಾಯಿತು. ಇನ್ನು ಮುಂದೆ…”

ಅವಳು ತಡೆಯಲಿಲ್ಲ. ಪೂರ್ತಿ ಹೇಳಲು ಬಿಟ್ಟಳು. ಕೊನೆಯ ‘ಸಾರಿ’ ಆದ ಮೇಲೆ ಎದ್ದು ಸೆರಗು ಕೊಡವಿಕೊಂಡಳು.

“ಆಯ್ತು. ಕ್ಷಮಿಸಿದೀನಿ.”

“ನಿಜವಾಗ್ಲೂ?”

“ನಿಜವಾಗ್ಲೂ. ಮನಸಲ್ಲಿ ಎಂತದೂ ಇಟ್ಕೊಂಡಿಲ್ಲ.”

ವರ್ಧಮಾನನ ಮುಖ ಅರಳಿತು. ನೋಡಿದೆಯಾ ಎಂಬಂತೆ ಇನಾಸನ ಕಡೆ ನೋಡಿದ. ನೀರು ಹೊರುವ ಅಗತ್ಯವೇನಿತ್ತು! ಟೈ ಸಡಿಲಿಸಿ, ತೋಳು ಮಡಚಿ, ಜಾಡಿಗಳಿದ್ದ ಮರದ ಪೆಟ್ಟಿಗೆಯನ್ನು ಎತ್ತಿಕೊಂಡ. “ಬಾಲು, ಡಿಕ್ಕಿ ತೆಗಿಯೋ. ಇದು ಹಿಂದೆ ಇರ್ಲಿ. ಯಶೋಧಾ, ನೀನು ಮುಂದೆ ಕೂತ್ಕ, ಕಿಟಕಿ ಗಾಳಿ ಬತ್ತದೆ.”

“ಅದನ್ನ ಅಲ್ಲೇ ಇಡಿ,” ಎಂದಳು ಯಶೋಧಾ. “ಅದು ಅಂಗಡಿಗೆ.”

“ಯಾವ ಅಂಗಡಿ?”

“ಬಸ್ ಸ್ಟ್ಯಾಂಡ್ ಹತ್ರ ಅಣ್ಣನ ಮಳಿಗೆ ಒಂದು ಖಾಲಿ ಬಿದ್ದಿದೆ. ಬೇಕನೇ ಅಂತ ಕೇಳಿದ್ದ. ಯೋಚಿಸಿ ಹೇಳ್ತೀನಿ ಅಂದಿದ್ದೆ. ಈಗ ಯೋಚಿಸಿ ಆಯ್ತು.”

ಪೆಟ್ಟಿಗೆ ಭಾರವಾಗಿತ್ತು. ಅವನು ಹಿಡಿದುಕೊಂಡೇ ನಿಂತ. “ಕ್ಷಮಿಸಿದೀನಿ ಅಂದ್ಯಲ್ಲ ಮಾರಾಯ್ತಿ?”

“ಹೌದು, ಕ್ಷಮಿಸಿದೀನಿ. ಸಿಟ್ಟಿಲ್ಲ ಅಂದ್ನಲ್ಲ. ಸಿಟ್ಟಿದ್ದಿದ್ರೆ ನಿಮ್ಮ ಜೊತೆ ಬರ್ತಿದ್ದೆ, ಜಗಳ ಮುಗಿಸೋಕಾದ್ರೂ. ಬರೋವಾಗ ಒಂದು ಮೂಟೆ ಸಿಟ್ಟು ತಂದಿದ್ದೆ. ನೀವು ಬಂದು ಎಲ್ಲ ಖಾಲಿ ಮಾಡಿದ್ರಿ.”

ಅವಳ ದನಿ ಒಂದು ಸಲವೂ ಏರಲಿಲ್ಲ. ಅದು ಏರಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಏನಾದರೂ ಹೇಳಬೇಕು, ಈಗಲೇ ಹೇಳಬೇಕು ಎಂದು ಅವನಿಗೆ ಅನ್ನಿಸಿತು. ಐವತ್ತೆರಡು ವರ್ಷದ ಬದುಕಿನಲ್ಲಿ ಹುಡುಕಿದರೆ ಬೇರೆ ಒಂದು ಮಾತೂ ಸಿಗಲಿಲ್ಲ. ಪೆಟ್ಟಿಗೆಯನ್ನು ಜಗಲಿಯ ಮೇಲೆ ಇಟ್ಟ.

ಯಶೋಧಾ ಕೆಳಗೆ ಕುಳಿತು, ಒಂದೊಂದೇ ಜಾಡಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಮೇಲಿನ ಚೀಟಿಯಲ್ಲಿ ‘ಸಾಗರ’ ಎಂದು ಅಚ್ಚಾಗಿದ್ದಲ್ಲಿ ಗೆರೆ ಎಳೆದು ‘ತೀರ್ಥಹಳ್ಳಿ’ ಎಂದು ಬರೆಯತೊಡಗಿದಳು.